ಮುಚ್ಚಳಕ್ಕೊಬ್ಬ ಸಾಕ್ಷಿ

ಎಲ್ಲದಕ್ಕೂ ಕಾರಣ ಒಂದು ಮುಚ್ಚಳ. ಡಬ್ಬಿ ತಯಾರಿಸುವ ಆ ಕಂಪನಿಯಲ್ಲಿ ಅದನ್ನು ರೂಪಿಸಿದವನನ್ನು ಎಲ್ಲರೂ ಮುಚ್ಚಳಪ್ಪ ಎಂದೇ ಕರೆಯುತ್ತಿದ್ದರು. ಓಗೊಟ್ಟು ಓಗೊಟ್ಟು ಅಭ್ಯಾಸವಾಗಿ, ಅವನೂ ತನ್ನ ನಿಜವಾದ ಹೆಸರನ್ನು ಸಂಬಳದ ಚೀಟಿಯಲ್ಲಷ್ಟೇ ನೋಡುತ್ತಿದ್ದ. ಹೆತ್ತ ಮಗುವಿನ ಹಾಗೆ ಮೂರು ವರ್ಷ ಸಾಕಿದ ಮುಚ್ಚಳ ಅದು. ಇರುವೆ ಹಾಗಿರಲಿ, ಇರುವೆಯ ಆಸೆಯೂ ಒಳಗೆ ನುಸುಳುವಂತಿರಲಿಲ್ಲ.

ಅವತ್ತು ಬೆಳಿಗ್ಗೆ ಕಂಪನಿಯ ಒಡತಿ, ಎಲ್ಲರ ಬಾಯಲ್ಲಿ ಬರೀ ಮೇಡಂ, ಅವನನ್ನು ಕರೆಸಿದರು.

"ಮುಚ್ಚಳ ತೆಗೆಯೋಕೆ ಆಗಲ್ಲ ಅಂತ ದೂರು ಬರ್ತಾನೇ ಇದೆ. ನಾಲ್ಕು ಗಂಟೆಗೆ ಮೀಟಿಂಗು. ಇದೇ ಮುಚ್ಚಳ ಬೇಕು ಅನ್ನೋ ಒಬ್ಬ ಗ್ರಾಹಕರನ್ನಾದ್ರೂ ತೋರಿಸಿ. ಇಲ್ಲದಿದ್ರೆ ನಾಳೆ ಇದರ ಅಚ್ಚು ಗುಜರಿಗೆ."

ಹುಡುಕಲು ಒಂದು ಸಾಧನವೇನೋ ಇತ್ತು. ಗ್ರಾಹಕರ ಫೋನು, ಪತ್ರ, ಸಮೀಕ್ಷೆಯ ಹುಡುಗಿ ಮನೆಮನೆಗೆ ಹೋಗಿ ರೆಕಾರ್ಡು ಮಾಡಿ ತಂದ ಮಾತು, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿ ಅದಕ್ಕೆ ಹುಡುಕುಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಒಂದು ಪದ ಬರೆದರೆ ಸಾಕು, ಅದಕ್ಕೆ ತಕ್ಕ ಮಾತನ್ನು ಹೆಕ್ಕಿ ಕೊಡುತ್ತಿತ್ತು. ಆಡಿದವರ ಹೆಸರಿನ ಜಾಗದಲ್ಲಿ ನಂಬರು ಮಾತ್ರ. ಕತೆಗಳಲ್ಲಿ ಬರುವ ಮಾತಾಡುವ ಬಾವಿಯ ಹಾಗೆ ಅದು: ಬಗ್ಗಿ ಕೇಳಿದರೆ ಉತ್ತರ ಖಂಡಿತ, ಬೇಕಾದ ಉತ್ತರವೇ ಸಿಗುತ್ತದೆಂದು ಬಾವಿ ಯಾರಿಗೂ ಮಾತು ಕೊಟ್ಟಿಲ್ಲ.

ಮುಚ್ಚಳಪ್ಪ 'ಇಷ್ಟ' ಎಂದು ಬರೆದ. ಹನ್ನೊಂದು ಮಾತು ಬಂದವು. ಮುಖ ಅರಳಿತು.

ಪಕ್ಕದ ಮೇಜಿನ ಮಾರಾಟದವನು ಕುರ್ಚಿ ಸಮೇತ ಉರುಳಿಕೊಂಡು ಬಂದ. "ಜೋರಾಗಿ ಓದಪ್ಪ, ನಾವೂ ಕೇಳೋಣ."

"'ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಡೋಕೆ ಈ ಡಬ್ಬಿ ನಮಗೆ ತುಂಬ ಇಷ್ಟ.'"

"ಇಷ್ಟ ಅಂದಿದ್ದಾರಲ್ಲ, ಬಿಡು. ಮುಂದೆ?"

"'ಮುಚ್ಚಳ ತೆಗಿ ಅಂತ ಮಗು ಕೈಗೆ ಕೊಟ್ರೆ ಒಂದು ಗಂಟೆ ಗಲಾಟೆ ಇರಲ್ಲ. ಅದಕ್ಕೇ ಇಷ್ಟ.'"

"ಆಟದ ಸಾಮಾನು ಅಂತ ಮಾರಬೇಕಿತ್ತು ನಾನು."

"'ಬೀಗದ ಕೈ ಇದರೊಳಗೆ ಹಾಕಿ ಎರಡು ವರ್ಷ ಆಯ್ತು, ಕಳೆದುಹೋಗಿಲ್ಲ. ಅಲ್ಲಾಡಿಸಿದ್ರೆ ಸದ್ದು ಬರುತ್ತೆ.'"

ಮಾರಾಟದವನು ಕಣ್ಣೊರೆಸಿಕೊಳ್ಳುತ್ತ ಹೋಗಿ ಇನ್ನೂ ನಾಲ್ಕು ಜನರನ್ನು ಕರೆತಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಚೇರಿ ಮುಚ್ಚಳಪ್ಪನ ಬೆನ್ನ ಹಿಂದಿತ್ತು. 'ಗಟ್ಟಿ' ಹಾಕು ಎಂದರೊಬ್ಬರು. ಹಾಕಿದರೆ 'ತಲೆ ಮೇಲೆ ಬಿತ್ತು, ಗಟ್ಟಿ ಇದೆ' ಎಂದು ಬಂತು. ಮೂರೂಮುಕ್ಕಾಲಿಗೆ ಸಮೀಕ್ಷೆಯ ಹುಡುಗಿ ಮೆಲ್ಲಗೆ, "ಸರ್, 'ನೆಮ್ಮದಿ' ಅಂತ ಹಾಕಿ ನೋಡಿ" ಎಂದಳು.

ಒಂದೇ ಒಂದು ಮಾತು ಬಂತು. ಗ್ರಾಹಕಿ ೨೧೭: 'ಈ ಮುಚ್ಚಳ ಬಂದ ಮೇಲೆ ನನಗೆ ನೆಮ್ಮದಿ. ದಯವಿಟ್ಟು ಬದಲಾಯಿಸಬೇಡಿ.'

ಜೊತೆಗೆ ರೆಕಾರ್ಡೂ ಇತ್ತು. ಪೂರ್ತಿ ಕೇಳಲು ಸಮಯವೆಲ್ಲಿ? ಮುಚ್ಚಳಪ್ಪ ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಮೀಟಿಂಗಿಗೆ ಓಡಿದ.

ಎಲ್ಲರ ಮುಂದೆ ರೆಕಾರ್ಡು ಹಾಕಿದ. ಮೊದಲ ವಾಕ್ಯಕ್ಕೇ ಮೇಡಂ ಹುಬ್ಬು ಸಡಿಲವಾಯಿತು. ಎರಡನೆಯದಕ್ಕೆ ಮುಚ್ಚಳಪ್ಪನ ಕಿವಿ ನೆಟ್ಟಗಾಯಿತು. ಆ ಧ್ವನಿಯನ್ನು ಅವನು ಹದಿನಾಲ್ಕು ವರ್ಷದಿಂದ ದಿನಾ ಕೇಳುತ್ತಿದ್ದ.

"ನಮ್ಮನೆಯವರಿಗೆ ಡಾಕ್ಟರು ಸಿಹಿ ಬೇಡ ಅಂದಿದಾರೆ ಕಣಮ್ಮ. ಬಿಸ್ಕತ್ತು, ಸಕ್ಕರೆ ಎಲ್ಲಾ ಇದರೊಳಗೇ ಇಡ್ತೀನಿ, ತೆಗೆಯೋ ಉಪಾಯ ನನಗೊಬ್ಬಳಿಗೇ ಗೊತ್ತು. ಅವರು ಅಡುಗೆಮನೆಗೆ ಹೋಗಿ ಡಬ್ಬಿ ಜೊತೆ ಕುಸ್ತಿ ಮಾಡಿ, ಬೆವರು ಒರೆಸ್ಕೊಂಡು ಬಂದು, ನೀರು ಕುಡಿಯೋಕೆ ಹೋಗಿದ್ದೆ ಅಂತಾರೆ."

ಮುಚ್ಚಳಪ್ಪ ನಿಲ್ಲಿಸಲೆಂದು ಒತ್ತಿದ. ಧ್ವನಿ ಇನ್ನೂ ಜೋರಾಯಿತು.

"ಪಾಪ, ಈ ಮುಚ್ಚಳ ಮಾಡಿದ್ದೂ ಅವರೇ."

ಕೋಣೆಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಅವನ ಹಿಂದೆಯೇ ಬಂದಿದ್ದ ಸಮೀಕ್ಷೆಯ ಹುಡುಗಿ ಮಾತ್ರ ನೆಲ ನೋಡುತ್ತ, "ಹೆಸರು ಕೇಳಬಾರದು ಅಂತ ನಿಯಮ, ಸರ್" ಎಂದಳು.

ಮೇಡಂ ನಗಲಿಲ್ಲ. ಶಾಂತವಾಗಿ ಪೆನ್ನು ಮುಚ್ಚಿದರು. "ಸಾಕ್ಷಿ ಅಂದ್ರೆ ಇದು. ಮುಚ್ಚಳ ಇರಲಿ, ಸಿಹಿ ಬಚ್ಚಿಡೋ ಮನೆಗಳಿಗೆ ಅಂತಾನೇ ಮಾರೋಣ. ಇನ್ನುಮೇಲೆ ಹೊಸ ಮುಚ್ಚಳ ಯಾವುದೇ ಆಗ್ಲಿ, ಮೊದಲು ನಿಮ್ಮ ಮನೆಗೆ ಹೋಗ್ಲಿ. ನಿಮ್ಮ ಕೈಲಿ ತೆಗೆಯೋಕೆ ಆಗದಿದ್ರೆ ಪಾಸು. ಸಹಿ ನಿಮ್ಮ ಮನೆಯವರದು."

ಸಂಜೆ ಮುಚ್ಚಳಪ್ಪ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ನಡೆದದ್ದನ್ನೆಲ್ಲ ಹೇಳಿ, ಸಹಿಗೆಂದು ಮೇಡಂ ಕೊಟ್ಟ ಕಾಗದವನ್ನು ಹೆಂಡತಿಯ ಮುಂದಿಟ್ಟ. ಅವಳು ಕೈ ಒರೆಸಿಕೊಂಡು ನಿಧಾನವಾಗಿ ಓದಿದಳು. ಪೆನ್ನು ತೆಗೆದುಕೊಂಡವಳು ಸಹಿ ಹಾಕದೆ ತಡೆದಳು.

"ಇನ್ನೂ ಸ್ವಲ್ಪ ಬಿಗಿ ಮಾಡೋಕೆ ಆಗುತ್ತಾ, ರೀ? ಮೊನ್ನೆ ನೀವು ಅರ್ಧ ಸುತ್ತು ತಿರುಗಿಸಿಬಿಟ್ಟಿದ್ರಿ."