ಮಾವನ ಸ್ಟಾಂಪಿಗೆ ಫಿನಿಶಿಂಗ್

ಮಾವನ ಮನೆಯಿಂದ ತನಗೆ ದಕ್ಕಿದ್ದು ಒಂದು ಹಳೇ ಸ್ಟಾಂಪು ಮಾತ್ರ ಎಂಬ ಕೊರಗು ನಾಗಸಂದ್ರದ ಸೊಣ್ಣಪ್ಪನಿಗೆ ಬಹುಕಾಲದ್ದು. ವೈಟ್‌ಫೀಲ್ಡಿನ ದೊರೆಯೊಬ್ಬರ ತೋಟ ನೋಡಿಕೊಳ್ಳುತ್ತಿದ್ದ ಮಾವ ದೊಡ್ಡಮುನಿಯಪ್ಪ, ದೊರೆ ಕೊಟ್ಟ ಆ ವಿದೇಶಿ ಸ್ಟಾಂಪನ್ನು ಸಾಯುವ ಮುಂಚೆ ಮಗಳ ಕೈಗಿಟ್ಟಿದ್ದರು. "ಸ್ಟಾಂಪ್ ಕೊಟ್ರು, ಒಂದು ಲಕೋಟೆನಾದ್ರೂ ಕೊಡ್ಬಾರ್ದಿತ್ತಾ?" ಎಂದು ಸೊಣ್ಣಪ್ಪ ಹಬ್ಬಹಬ್ಬಕ್ಕೂ ಕುಟುಕುತ್ತಿದ್ದ. ಹೆಂಡತಿ ಈಶ್ವರಮ್ಮ ಹಲ್ಲುಕಚ್ಚಿಕೊಂಡು ಹೋಳಿಗೆ ಬಡಿಸುತ್ತಿದ್ದಳು.

ಒಂದು ದಿನ ಆಫೀಸಿನ ಕಂಪ್ಯೂಟರಿನಲ್ಲಿ ಅಂಥದೇ ಸ್ಟಾಂಪು ಕಣ್ಣಿಗೆ ಬಿತ್ತು. ಸುರುಳಿಯಲ್ಲಿ ಬರುತ್ತಿದ್ದುದಂತೆ, ಬಲು ಅಪರೂಪವಂತೆ. ಎರಡು ಅಂಚಿಗೆ ಹಲ್ಲು, ಎರಡು ಅಂಚು ನೇರ. ಸಾಮಾನ್ಯ ಸ್ಟಾಂಪಿನ ಹಲ್ಲು ಕತ್ತರಿಸಿ ಯಾಮಾರಿಸುವ ಖದೀಮರೂ ಉಂಟಂತೆ. ಆದರೆ ಅಗಲ ಕಮ್ಮಿಯಾಗಿ ಸಿಕ್ಕಿಬೀಳುತ್ತಾರಂತೆ.

ಅಂಚು ಎಂದರೆ ಸೊಣ್ಣಪ್ಪನ ಸಾಮ್ರಾಜ್ಯ! ಪೀಣ್ಯದ ಕಾರ್ಖಾನೆಯೊಂದರಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರು. ಅಂಚಿನಲ್ಲಿ ಕೂದಲೆಳೆಯಷ್ಟು ತರಿ ಕಂಡರೂ ಮಾಲಿಗೆ ಕೆಂಪು ‘ರಿಜೆಕ್ಟ್’ ಚೀಟಿ ಅಂಟಿಸುವ ಮಹಾಪುರುಷ. (ಚೀಟಿಯ ಕಟ್ಟೊಂದು ಮನೆಯಲ್ಲೂ ಇತ್ತು; ದೋಸೆಗೂ ಈ ತಪಾಸಣೆ ತಪ್ಪಿರಲಿಲ್ಲ.) ಮನೆಗೆ ಬಂದವನೇ ವರ್ನಿಯರ್ ಹಿಡಿದು ಮಾವನ ಸ್ಟಾಂಪನ್ನು ಅಳೆದ. ಅಗಲ ಸರಿ, ಅಂಚು ಸರಿ. ಅಸಲಿ!

"ನಿಮ್ಮಪ್ಪ ದೇವ್ರಂಥೋರು ಕಣೇ!"

ಈಶ್ವರಮ್ಮನ ಕಣ್ಣು ತುಂಬಿತು. ಅಪ್ಪನ ಮರ್ಯಾದೆ ಕೊನೆಗೂ ಉಳಿಯಿತಲ್ಲ! "ಭಾನುವಾರ ತಿಳಿದೋರ ಹತ್ರ ತೋರಿಸ್ಕೊಂಡು ಬರೋಣ ಕಣ್ರೀ."

ಆದರೆ ಒಂದು ನೇರ ಅಂಚಿನಲ್ಲಿ ಕಾಗದದ ಸಣ್ಣ ನಾರು ಎದ್ದಿತ್ತು. ಇಂಥ ಮಾಲನ್ನು ನಾಲ್ಕು ಜನರ ಮುಂದೆ ಇಡುವುದೇ? ಹೆಂಡತಿ ಅಡುಗೆಮನೆಗೆ ಹೋದದ್ದೇ ತಡ, ಸ್ಟೀಲ್ ಸ್ಕೇಲ್ ಒತ್ತಿ ಬ್ಲೇಡ್ ಎಳೆದ. ಆ ಕಡೆ ಹೊಸದಾದ ಮೇಲೆ ಈ ಕಡೆ ಹಳೇದಾಗಿ ಕಂಡಿತು, ಅದನ್ನೂ ಎಳೆದ. ಕತ್ತರಿಸುವುದು ಖದೀಮರ ಕೆಲಸ, ತನ್ನದು ಫಿನಿಶಿಂಗ್ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಭಾನುವಾರ ವೈಟ್‌ಫೀಲ್ಡಿನ ಸ್ಟಾಂಪ್ ಪಂಡಿತ ನರೇಶ್ ಭೂತಗನ್ನಡಿಯಲ್ಲಿ ನೋಡಿ ಲೊಚಗುಟ್ಟಿದ. "ಸಾರಿ ಮೇಡಂ. ಎರಡೂ ಅಂಚು ಕತ್ತರಿಸಿದ್ದಾರೆ, ಅಗಲಾನೂ ಕಮ್ಮಿ. ಯಾರೋ ನಿಮ್ಮ ತಂದೆಗೆ ಟೋಪಿ ಹಾಕಿದ್ದಾರೆ."

"ನಮ್ಮಪ್ಪ ಮೋಸ ಹೋದ್ರಾ?" ಈಶ್ವರಮ್ಮ ಸ್ಟಾಂಪನ್ನೇ ದಿಟ್ಟಿಸಿದಳು. ಸೊಣ್ಣಪ್ಪ ಸೂರು ನೋಡುತ್ತ ಕೂತ.

"ಕತ್ತರಿಸಿದೋನಿಗೆ ಕೆಲಸಾನೂ ಬರಲ್ಲ ಬಿಡಿ," ಎಂದ ನರೇಶ್. "ಅಂಚು ಸೊಟ್ಟ."

"ಏನ್ರೀ ಸೊಟ್ಟ?" ಸೊಣ್ಣಪ್ಪ ಎದ್ದುನಿಂತ. "ಸ್ಟೀಲ್ ಸ್ಕೇಲ್ ಇಟ್ಟು ಎಳೆದಿದೀನಿ!"

ಈಶ್ವರಮ್ಮ ಸ್ಟಾಂಪನ್ನು ಪರ್ಸಿಗೆ ಹಾಕಿಕೊಂಡು ಎದ್ದಳು. ಅಪ್ಪ ಮೋಸ ಹೋಗಿರಲಿಲ್ಲ ಎಂಬ ನೆಮ್ಮದಿ ಮಾತ್ರ ಅವಳ ಮುಖದಲ್ಲಿತ್ತು.

ಸೋಮವಾರ ಕಾರ್ಖಾನೆಯಲ್ಲಿ ಸೊಣ್ಣಪ್ಪ ಹೋದಲ್ಲೆಲ್ಲ ಹಿಂದಿನಿಂದ ನಗು. ಕಡೆಗೆ, ಬೆಳಿಗ್ಗೆ ಈಶ್ವರಮ್ಮ ಇಸ್ತ್ರಿ ಮಾಡಿಕೊಟ್ಟಿದ್ದ ಅಂಗಿ ಬಿಚ್ಚಿ ನೋಡಿದ. ಬೆನ್ನಿಗೆ ಕೆಂಪು ‘ರಿಜೆಕ್ಟ್’ ಚೀಟಿ. ಅಭ್ಯಾಸಬಲದಿಂದ ಚೀಟಿಯ ಅಂಚಿನ ಮೇಲೆ ಬೆರಳಾಡಿಸಿದ. ಎಲ್ಲೂ ಎದ್ದಿರಲಿಲ್ಲ.