ಪುಸ್ತಕ ನೋಡಿ ಕಲಿತದ್ದು

ಎಲ್ಲ ತಾಪತ್ರಯವೂ ಶುರುವಾದದ್ದು ಎರಡು ಅಂಗುಲದ ಒಂದು ಖಾಲಿ ಜಾಗದಿಂದ. ಮದುವೆಗೆಂದು ಹುಡುಗನ ವಿವರ ತುಂಬುವ ಹಾಳೆಯಲ್ಲಿ ‘ಹವ್ಯಾಸ’ ಎಂಬುದರ ಮುಂದಿದ್ದ ಜಾಗ ಅದು.

ಸುಜಯೀಂದ್ರನಿಗೆ ಹವ್ಯಾಸಗಳಿರಲಿಲ್ಲ. ಮದರಾಸಿನ ಎಗ್ಮೋರಿನಲ್ಲಿದ್ದ ವಿಮಾ ಕಚೇರಿಗೆ ಹೋದ ಮೇಲೆ ಮಾಧವರಂನ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಚಿಂತಿಸುತ್ತಿದ್ದ. ಅದನ್ನು ಹವ್ಯಾಸವೆಂದು ಬರೆಯುವಂತಿರಲಿಲ್ಲ. ‘ಓದುವುದು, ಸಂಗೀತ ಕೇಳುವುದು’ ಎಂದು ಬರೆದು ಕಳಿಸಿದ ಏಳು ಮನೆಗಳಿಂದಲೂ ಉತ್ತರ ಬಾರದಿದ್ದಾಗ, ಅವನ ತಾಯಿ ಜಯಲಕ್ಷ್ಮೀ ಎಂಟನೆಯ ಹಾಳೆಯಲ್ಲಿ ‘ಮರಗೆಲಸ’ ಎಂದು ಬರೆದರು. ಹಿಂದೊಮ್ಮೆ ಮಗ ಕ್ಯಾಲೆಂಡರಿಗೆ ಮೊಳೆ ಹೊಡೆದದ್ದು ಅವರಿಗೆ ನೆನಪಿತ್ತು. ಬರೆದ ಮೇಲೆ, ಹುಡುಗನ ಕಸುಬೇ ಅದು ಎಂದು ತಿಳಿದುಕೊಂಡಾರೆಂದು ಪಕ್ಕದಲ್ಲೇ ಇನ್ನೊಂದು ಮಾತು ಸೇರಿಸಿದರು: ‘ಪುಸ್ತಕ ನೋಡಿ ಕಲಿತದ್ದು.’

ಈ ಸಂಗತಿ ಸುಜಯೀಂದ್ರನಿಗೆ ತಿಳಿದದ್ದು ಭಾನುವಾರ ಬೆಳಗ್ಗೆ ಎಂಟಕ್ಕೆ, ಕ್ರೋಂಪೇಟೆಯಿಂದ ಫೋನ್ ಬಂದಾಗ.

“ನಾನು ಹರಿದಾಸ, ಅನ್ವಿತಾ ಅಪ್ಪ. ಸಾಯಂಕಾಲ ನಾಲ್ಕಕ್ಕೆ ಕಂಡಿಪ್ಪಾ ಬರ್ತೀವಿ, ತಪ್ಪಿಸಲ್ಲ. ನಿಮ್ಮ ಹಾಳೆ ಈಗ ತಾನೇ ಪೂರ್ತಿ ಓದಿದೆ. ಮರಗೆಲಸ! ಅದೂ ಪುಸ್ತಕ ನೋಡಿ! ನಂದೂ ಅದೇ ಹುಚ್ಚು ಕಣಪ್ಪಾ, ಇಪ್ಪತ್ತು ವರ್ಷದಿಂದ. ಯಾವ ಪುಸ್ತಕ ಇಟ್ಕೊಂಡಿದ್ದೀರಿ?”

“ಅದು... ದಪ್ಪದ್ದು ಸಾರ್.”

“ಭೇಷ್! ಬಂದಾಗ ತೋರ್ಸಿ. ಪುಸ್ತಕ ನೋಡಿದ್ರೆ ಸಾಕು, ಕೈ ಎಂಥದ್ದು ಅಂತ ಹೇಳಿಬಿಡ್ತೀನಿ.”

ಬೇರೆ ಹುಡುಗಿಯಾಗಿದ್ದರೆ ಸುಜಯೀಂದ್ರ ಜ್ವರವೆಂದು ಹೇಳಿ ಮಲಗಿಬಿಡುತ್ತಿದ್ದ. ಆದರೆ ಗುರುವಾರ ಅನ್ವಿತಾ ಅವನೊಡನೆ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದ್ದಳು. ಬೀಗ ನೋಡಲು ಎರಡನೆಯ ಸ್ಟಾಪಿನಲ್ಲಿ ಬಸ್ಸಿಳಿದು ಮನೆಗೆ ವಾಪಸು ಬಂದದ್ದನ್ನು ಅವನು ಬಾಯಿ ತಪ್ಪಿ ಹೇಳಿದಾಗ ಅವಳು ಗೇಲಿ ಮಾಡಲಿಲ್ಲ. “ಇನ್ಮೇಲೆ ಬೀಗದ ಫೋಟೋ ತೆಗೆದು ನಂಗೆ ಕಳಿಸಿಬಿಡಿ. ನಾನು ನೋಡಿ ಹೇಳ್ತೀನಿ,” ಎಂದಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಅವನ ಚಿಂತೆಯಲ್ಲಿ ಪಾಲು ಕೇಳಿದವರು ಅವಳೊಬ್ಬಳೇ. ಅವಳು ಕೈತಪ್ಪಿ ಹೋಗಬಾರದು ಎಂಬುದು ಈಗ ಅವನ ಎಲ್ಲ ಚಿಂತೆಗಳಿಗಿಂತ ದೊಡ್ಡ ಚಿಂತೆ.

“ಚುಮ್ಮಾ, ಸುಮ್ನೆ ಒಂದು ಮಾತು ಬರ್ದೆ ಕಣೋ. ಅದನ್ನೆಲ್ಲ ಯಾರು ಓದ್ತಾರೆ ಅಂದ್ಕೊಂಡೆ,” ಎಂದರು ಜಯಲಕ್ಷ್ಮೀ.

“ನಿಜ ಹೇಳಿಬಿಡ್ತೀನಮ್ಮಾ.”

“ಹೇಳು. ನಮ್ಮಮ್ಮ ಸುಳ್ಳುಬುರುಕಿ, ನಿಮ್ಮ ಮಗಳನ್ನ ಕೊಡಿ ಅಂತ ಕೇಳು. ಸಂತೋಷವಾಗಿ ಕೊಡ್ತಾರೆ.”

ಎದುರು ಮನೆಯ ಮಹಾಲಿಂಗಪ್ಪನವರು ಇಷ್ಟನ್ನೂ ಕೇಳಿಸಿಕೊಂಡೇ ಒಳಗೆ ಬಂದರು. ವಿಜಯಪುರದಿಂದ ಬಂದು ಮೂವತ್ತು ವರ್ಷದಿಂದ ಮದರಾಸಿನಲ್ಲಿ ಪ್ಲೈವುಡ್ ಅಂಗಡಿ ನಡೆಸುತ್ತಿದ್ದ ಅವರಿಗೆ, ಮರಕ್ಕೆ ಸಂಬಂಧಿಸಿದ ಯಾವ ಕಷ್ಟವೂ ತಮ್ಮದೇ ಎಂಬ ಭಾವನೆ.

“ಚಿಂತಿ ಯಾಕ್ ಮಾಡ್ತೀರಿ? ಪುಸ್ತಕ ತರೂಣು ನಡೀರಿ. ಹಳೀದ ತರಬೇಕು ಮತ್ತ. ಹೊಸಾದು ತಂದ್ರ ಸುಳ್ಳಿನ ವಾಸನಿ ಹೊಡೀತೈತಿ.”

ಹೀಗೆ ಹತ್ತೂವರೆಗೆ ಇಬ್ಬರೂ ಸ್ಕೂಟರಿನಲ್ಲಿ ಎಗ್ಮೋರಿನ ಒಂದು ಹಳೆ ಪುಸ್ತಕದಂಗಡಿ ತಲುಪಿದರು. ಅಂಗಡಿ ರೈಲಿನ ಓಣಿಯಷ್ಟೇ ಅಗಲ. ಅದರ ಒಂದು ಗೋಡೆ ತುಂಬ ಕೈಕೆಲಸದ ಪುಸ್ತಕಗಳು: ಕ್ರೋಷಾ ಹೆಣಿಗೆ, ಗಾಳಿಪಟ, ಮಣ್ಣಿನ ಮಡಕೆ, ಸೋಪು, ಮೇಣದಬತ್ತಿ. ಅಮ್ಮ ಮೇಣದಬತ್ತಿ ಎಂದು ಬರೆದಿದ್ದರೆ ಎಷ್ಟು ಸುಲಭವಿತ್ತು ಎಂದು ಸುಜಯೀಂದ್ರನಿಗೆ ಅಳು ಬಂತು.

ಅಂಗಡಿಯ ಮುದುಕರು ಮರಗೆಲಸದ ಮೂರು ಪುಸ್ತಕ ಹುಡುಕಿ ತಂದು, ಅವನ ಮುಖ ನೋಡಿ ಒಂದು ಸ್ಟೂಲನ್ನೂ ಕೊಟ್ಟರು. ಮೊದಲನೆಯದು ಮಕ್ಕಳದು. ಪುಟಕ್ಕೊಂದು ಚಿತ್ರ, ದಪ್ಪಕ್ಷರ. ಅದು ಅವನಿಗೆ ಪೂರ್ತಿ ಅರ್ಥವಾಯಿತು. ಎರಡನೆಯದರಲ್ಲಿ ಹಕ್ಕಿಗೂಡು, ಕಪಾಟು ಎಲ್ಲ ಚೆನ್ನಾಗಿತ್ತು. ಆದರೆ ಮೇಲುಹೊದಿಕೆಯ ಮೇಲೆಯೇ ‘ಎಂದೂ ಸುತ್ತಿಗೆ ಹಿಡಿಯದವರಿಗಾಗಿ’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಮೂರನೆಯದು ತಲೆದಿಂಬಿನಷ್ಟು ದಪ್ಪ. ಮರಕ್ಕೆ ಮರ ಜೋಡಿಸುವ ಬಗೆಗಳಷ್ಟೇ ಇನ್ನೂರು. ಚಿತ್ರಗಳು ಮುರಿದ ಮೂಳೆಯ ಎಕ್ಸ್‌ರೇಗಳಂತಿದ್ದವು. ಅಂಚುಗಳಲ್ಲಿ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿದ್ದ, ಪುಟಗಳಿಗೆ ಅಂಟಿನ ಕಲೆಗಳಿದ್ದವು.

ಸುಜಯೀಂದ್ರ ಮೂರನ್ನೂ ಮತ್ತೆ ಮತ್ತೆ ತಿರುವಿದ. ಅರ್ಥವಾಗುವ ಪುಸ್ತಕವನ್ನು ತೋರಿಸುವಂತಿಲ್ಲ. ತೋರಿಸಬಹುದಾದ ಪುಸ್ತಕ ಅರ್ಥವಾಗುವುದಿಲ್ಲ.

ಮಹಾಲಿಂಗಪ್ಪನವರು ಮೂರನ್ನೂ ಎರಡೆರಡು ಬೆರಳಲ್ಲಿ ಹಿಸುಕಿ ನೋಡಿದರು. “ಪುಸ್ತಕ ಅಂದ್ರ ಪ್ಲೈವುಡ್ ಇದ್ದಂಗ್ರಿ. ಆರು ಎಂಎಂ ಇದ್ರ ಫೋಟೋದ ಹಿಂದ ಬಡಿಯಾಕ ಅಷ್ಟ. ಹತ್ತೊಂಬತ್ತು ಎಂಎಂ ಇದ್ರ ಮ್ಯಾಲ ಆನಿ ಕುಂತ್ರೂ ತಡೀತೈತಿ. ದಪ್ಪದ್ದ ತಗೋರಿ!”

ಪಕ್ಕದಲ್ಲಿ ಸೋಪಿನ ಪುಸ್ತಕ ನೋಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ತಮಿಳಿನಲ್ಲಿ, “ಅಂಕಲ್, ಹಳೇ ಪುಸ್ತಕದಲ್ಲಿ ಅಳತೆಯ ಪುಟ ಹರ್ಕೊಂಡಿರ್ತಾರೆ, ನೋಡಿ ತಗೊಳ್ಳಿ,” ಎಂದಳು. ಅವನು ನೋಡಿದ. ಪುಟ ಇತ್ತು. ಇದ್ದದ್ದರಿಂದ ಅವನಿಗೇನೂ ಉಪಯೋಗವಾಗಲಿಲ್ಲ.

ಅಂಗಡಿಯ ಮುದುಕರು ಅವನ ನುಣುಪಾದ ಅಂಗೈಗಳನ್ನೇ ಗಮನಿಸುತ್ತಿದ್ದರು. ಮೆಲ್ಲಗೆ, “ಓದೋದಕ್ಕಾ, ತೋರಿಸೋದಕ್ಕಾ?” ಎಂದು ತಮಿಳಿನಲ್ಲಿ ಕೇಳಿದರು.

“ತೋರಿಸೋದಕ್ಕೆ,” ಎಂದ ಸುಜಯೀಂದ್ರ, ಕಳ್ಳ ಪೊಲೀಸರೆದುರು ಒಪ್ಪಿಕೊಳ್ಳುವ ದನಿಯಲ್ಲಿ.

ಅವರು ದಪ್ಪ ಪುಸ್ತಕವನ್ನು ಕಟ್ಟಿ, ಅದರ ಮೇಲೆ ಮಕ್ಕಳ ಪುಸ್ತಕವನ್ನೂ ಇಟ್ಟರು. “ಅದು ಅವರಿಗೆ. ಇದು ನಿಮಗೆ, ನಾನು ಕೊಟ್ಟದ್ದು. ಓದಿ. ಭಯ ಕಡಿಮೆಯಾಗುತ್ತೆ.”

ಬರುವಾಗ ಸ್ಕೂಟರ್ ಪಂಕ್ಚರ್ ಆಯಿತು. ಭಾನುವಾರವೂ ತೆರೆದಿದ್ದ ರಿಪೇರಿಯವನನ್ನು ಹುಡುಕಿ ತಳ್ಳಿಕೊಂಡು ಹೋಗುವಷ್ಟರಲ್ಲಿ ಎರಡು ಗಂಟೆ. ರಿಪೇರಿಯವನ ಕೊಡೆಯ ನೆರಳಲ್ಲಿ ನಿಂತು ಸುಜಯೀಂದ್ರ ಮಕ್ಕಳ ಪುಸ್ತಕದ ಮೊದಲ ಪುಟವನ್ನು ಪರೀಕ್ಷೆಯ ದಿನದ ಹುಡುಗನಂತೆ ಬಾಯಿಪಾಠ ಮಾಡಿದ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಟೈರು ಸರಿಹೋಯಿತು.

ಮನೆಗೆ ಬಂದಾಗ ಮೂರು ಗಂಟೆ. ಮಹಾಲಿಂಗಪ್ಪನವರ ಹೆಂಡತಿ ಜಗದೇವಿ ಅಂಗಡಿಯಿಂದ ಒಂದು ಚೀಲ ಮರದ ಹೊಟ್ಟು ತರಿಸಿ ಹಾಲಿನಲ್ಲಿ ರಂಗೋಲಿಯಂತೆ ಉದುರಿಸುತ್ತಿದ್ದರು. ತಮ್ಮ ಮನೆಯ ತೇಗದ ಸ್ಟೂಲನ್ನೂ ತಂದಿಟ್ಟಿದ್ದರು.

“ಇದು ತೇಗದ್ದು, ನೀವ ಮಾಡಿದ್ದು ಅನ್ರಿ ತಮ್ಮಾ. ತಲಿ ಬಗ್ಗಸ್ರಿ,” ಎಂದು ಅಕ್ಷತೆ ಹಾಕುವಂತೆ ಅವನ ಕೂದಲಿಗೂ ಒಂದು ಹಿಡಿ ಹೊಟ್ಟು ಹಾಕಿದರು. ಜಯಲಕ್ಷ್ಮೀ ಬಟ್ಟೆಯ ಚೂರು ತಂದು ಮಗನ ಹೆಬ್ಬೆರಳಿಗೆ ಸುತ್ತಿದರು. “ಸುತ್ತಿಗೆ ಹಿಡಿಯೋ ಕೈಗೆ ಒಂದು ಗಾಯಾನೂ ಇಲ್ದಿದ್ರೆ ಹೇಗೋ?”

ನಾಲ್ಕಕ್ಕೆ ಸರಿಯಾಗಿ ಹರಿದಾಸರು ಬಂದರು. ಜೊತೆಗೆ ಹೆಂಡತಿ ಶ್ರೀವಿದ್ಯಾ, ಮಗಳು ಅನ್ವಿತಾ. ಹರಿದಾಸರ ಎರಡು ಬೆರಳಿಗೆ ಪ್ಲಾಸ್ಟರ್ ಇತ್ತು. ಅವರು ಸುಜಯೀಂದ್ರನ ಹೆಬ್ಬೆರಳನ್ನು ಮೊದಲು ನೋಡಿದರು, ಆಮೇಲೆ ಮುಖವನ್ನು. ಅನ್ವಿತಾ ಮತ್ತು ಅವಳ ತಾಯಿ ನೆಲದ ಮೇಲಿನ ಹೊಟ್ಟನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು.

ಹರಿದಾಸರು ದಪ್ಪ ಪುಸ್ತಕವನ್ನು ಭಕ್ತಿಯಿಂದ ಬಿಡಿಸಿದರು. “ಈ ಟಿಪ್ಪಣಿಯೆಲ್ಲ ನಿಮ್ಮದಾ?”

“ಹೊತ್ತು ಗೊತ್ತು ಇಲ್ದೆ ಕೂತು ಬರೀತಾನೆ,” ಎಂದರು ಜಯಲಕ್ಷ್ಮೀ, ಮಗ ಬಾಯಿ ತೆರೆಯುವ ಮುಂಚೆ.

“ಇಲ್ನೋಡಿ! ಈ ಜೋಡಣೆ ಮೂರು ವರ್ಷದಿಂದ ನಂಗೆ ಕೂಡ್ತಾನೇ ಇಲ್ಲ. ‘ಎಡದಿಂದ ಶುರು ಮಾಡು’ ಅಂತ ಬರ್ದಿದ್ದೀರಲ್ಲಾ! ನಂಗೆ ಹೊಳೀಲೇ ಇಲ್ಲವಲ್ಲಪ್ಪಾ!” ಹರಿದಾಸರು ಹಣೆ ಬಡಿದುಕೊಂಡರು. ಆಮೇಲೆ ಸ್ಟೂಲನ್ನು ತಲೆಕೆಳಗು ಮಾಡಿ, “ಮರ ಯಾವುದು?” ಎಂದರು.

ಜಗದೇವಿ ತೇಗ ಎಂದು ಹೇಳಿಕೊಟ್ಟದ್ದು ಆ ಗಳಿಗೆಯಲ್ಲಿ ಸುಜಯೀಂದ್ರನ ತಲೆಯಿಂದ ಹಾರಿಹೋಯಿತು. ಬಾಯಿಗೆ ಬಂದದ್ದು ಮಕ್ಕಳ ಪುಸ್ತಕದ ಮೊದಲ ಸಾಲು. “ಮರ ಯಾವುದಾದರೇನು ಸಾರ್? ಅದರ ನಾರು ಯಾವ ಕಡೆ ಹೋಗುತ್ತೋ, ನಾವೂ ಆ ಕಡೆಯೇ ಹೋಗಬೇಕು.”

ಹರಿದಾಸರ ಕಣ್ಣು ಒದ್ದೆಯಾಯಿತು. “ಕೇಳಿದೆಯಾ ಶ್ರೀವಿದ್ಯಾ? ಇಪ್ಪತ್ತು ವರ್ಷದಿಂದ ನಾನೂ ಇದನ್ನೇ ಹೇಳ್ತಿದ್ದೀನಿ!”

“ಕೇಳಿದೆ,” ಎಂದರು ಶ್ರೀವಿದ್ಯಾ, ಸಾವಿನ ಸುದ್ದಿ ಕೇಳಿದವರಂತೆ. ಕೂರುವ ಮುಂಚೆ ಅವರು ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಅದರ ದಿಂಬಿನ ಹಿಂದೆ ಸುಜಯೀಂದ್ರ ಅಡಗಿಸಿಟ್ಟಿದ್ದ ಮಕ್ಕಳ ಪುಸ್ತಕ ದೊಪ್ಪನೆ ಕೆಳಗೆ ಬಿತ್ತು.

ಸುಜಯೀಂದ್ರ ಅದರ ಕಡೆ ಕೈ ಚಾಚಿದ.

ಹರಿದಾಸರು ಅದನ್ನೆತ್ತಿಕೊಂಡು ತಿರುವಿದರು. “ಅಪ್ಪಡಿಯಾ! ಹಾಗಾದ್ರೆ ಕಾಲೊನಿಯ ಮಕ್ಕಳಿಗೂ ಹೇಳಿಕೊಡ್ತೀರಾ?”

“ಹ್ಞೂಂ ಮತ್ತ!” ಎಂದರು ಬಾಗಿಲಲ್ಲಿ ನಿಂತಿದ್ದ ಮಹಾಲಿಂಗಪ್ಪ.

ಅನ್ವಿತಾಳ ಮುಖ ಮಾತ್ರ ಬಾಡುತ್ತಲೇ ಹೋಯಿತು. ತನ್ನ ನಟನೆ ಸಾಲದಾಯಿತೆಂದು ಸುಜಯೀಂದ್ರ ಹೆದರಿದ. ಹಿರಿಯರು ಅವರಿಬ್ಬರನ್ನು ಮಾತಾಡಲು ಬಾಲ್ಕನಿಗೆ ಕಳಿಸಿದಾಗ ಅವಳು ದನಿ ತಗ್ಗಿಸಿ ಕೇಳಿದಳು:

“ಒಂದು ಕೇಳ್ತೀನಿ. ಹಾಳೇಲಿ ಎಲ್ಲರೂ ಏನೇನೋ ಬರೀತಾರೆ. ಈ ಮರಗೆಲಸ... ನಿಜಾನಾ?”

“ನಿಜ! ಅದಿಲ್ಲದೆ ನಂಗೆ ಒಂದು ದಿನಾನೂ ಆಗಲ್ಲ,” ಎಂದ ಸುಜಯೀಂದ್ರ, ಹೆಬ್ಬೆರಳನ್ನು ಚೆನ್ನಾಗಿ ಕಾಣುವಂತೆ ಎತ್ತಿ.

ಅವಳು ನಿಟ್ಟುಸಿರಿಟ್ಟಳು. “ನಮ್ಮನೇಲಿ ಹನ್ನೊಂದು ವರ್ಷದಿಂದ ಒಂದು ಬೀರು ಆಗ್ತಾ ಇದೆ. ನಮ್ಮ ಬಟ್ಟೆಯೆಲ್ಲ ರಟ್ಟಿನ ಪೆಟ್ಟಿಗೇಲಿ. ಸಾರಿನಲ್ಲಿ ಹೊಟ್ಟು, ಹಾಸಿಗೇಲಿ ಮೊಳೆ. ಅಮ್ಮ ಪಾವಂ, ಪಾಪ ಸೀನಿ ಸೀನಿ ಅರ್ಧ ಆಗಿದ್ದಾಳೆ. ಒಂದು ಮೊಳೆ ಹೊಡೆಯೋಕೂ ಬಾರದವನನ್ನೇ ಮದುವೆಯಾಗೋದು ಅಂತ ನಿಶ್ಚಯ ಮಾಡಿದ್ದೆ. ಫೋನಲ್ಲಿ ನಿಮ್ಮ ಮಾತು ಕೇಳಿ ತುಂಬ ಇಷ್ಟವಾಯ್ತು. ಹಾಳೇಲಿರೋದು ಸುಳ್ಳಾಗಿರಲಪ್ಪಾ ಅಂತ ದೇವರಿಗೆ ಕೈ ಮುಗಿದು ಬಂದೆ.”

ಸುಜಯೀಂದ್ರನಿಗೆ ಬಾಲ್ಕನಿಯೇ ಒಮ್ಮೆ ಅಲುಗಿದಂತಾಯಿತು.

“ಸುಳ್ಳೇ!” ಎಂದು ಅವನು ಕೂಗಿದ. “ದೇವರಾಣೆ ಸುಳ್ಳು! ಪುಸ್ತಕ ಬೆಳಗ್ಗೆ ತಂದದ್ದು. ಸ್ಟೂಲು ಎದುರುಮನೆಯದು. ಬೆರಳಿಗೆ ಏನೂ ಆಗಿಲ್ಲ!” ಎಂದು ಕಟ್ಟು ಬಿಚ್ಚಹೊರಟ. ಜಯಲಕ್ಷ್ಮೀ ಹಾಕಿದ ಗಂಟು ಬಿಚ್ಚಿಕೊಳ್ಳಲಿಲ್ಲ.

ಅನ್ವಿತಾ ಅವನ ಕೂದಲಿನಲ್ಲಿದ್ದ ಹೊಟ್ಟನ್ನು ನೋಡಿದಳು. ಅವಳ ಕಣ್ಣಿನಲ್ಲಿ ಕನಿಕರವಿತ್ತು. “ಬಿಡಿ, ನೋವಾಗತ್ತೆ. ನನಗೋಸ್ಕರ ನೀವು ಸುಳ್ಳು ಹೇಳೋದು ಬೇಡ.”

“ಮಹಾಲಿಂಗಪ್ಪನವರೇ!” ಎಂದು ಸುಜಯೀಂದ್ರ ಒಳಕ್ಕೆ ಬಾಗಿ ಕರೆದ. “ಬನ್ನಿ ಇಲ್ಲಿ! ನಂಗೆ ಮರಗೆಲಸ ಬರಲ್ಲ ಅಂತ ಇವರಿಗೆ ಹೇಳಿ!”

ಮಹಾಲಿಂಗಪ್ಪನವರು ಒಮ್ಮೆ ಆಡಿದ ಮಾತಿಗೆ ತಪ್ಪುವವರಲ್ಲ. ಗೆಳೆಯ ಕೊನೆಯ ಗಳಿಗೆಯಲ್ಲಿ ಧೈರ್ಯಗೆಟ್ಟನೆಂದುಕೊಂಡು ಎದೆ ತಟ್ಟಿ ಹೇಳಿದರು: “ಹಿಂಗ ನೋಡ್ರಿ ತಂಗಿ, ಭಾಳ ಸಂಕೋಚದ ಮನಷ್ಯಾ. ನಮ್ಮ ಅಂಗಡಿ ಪ್ಲೈವುಡ್ಡೆಲ್ಲ ಇವ್ರಿಗೇ ಸಾಲಂಗಿಲ್ಲ. ಇಡೀ ಮಾಧವರಂ ಏರಿಯಾಕ್ಕ ಗೊತ್ತೈತಿ!”

ಕಾಫಿ ಕುಡಿದು ಅವರು ಹೊರಟರು. ಹೊರಡುವಾಗ ಅನ್ವಿತಾ, ಬಾಗಿಲಿನ ಬಳಿ ಜಾರುವಂತೆ ಬಿದ್ದಿದ್ದ ಹೊಟ್ಟನ್ನು ಕಾಲಿನಿಂದ ಬದಿಗೆ ಸರಿಸಿ, ಜಯಲಕ್ಷ್ಮೀಯವರಿಗೆ “ನೋಡ್ಕೊಂಡು ಓಡಾಡಿ ಅಮ್ಮಾ,” ಎಂದಳು. ಅದನ್ನು ಕೇಳಿ ಸುಜಯೀಂದ್ರನಿಗೆ ಇನ್ನಷ್ಟು ಸಂಕಟವಾಯಿತು.

ಏಳು ಗಂಟೆಗೆ ಫೋನ್ ಬಂತು.

“ಬೇಜಾರು ಮಾಡ್ಕೋಬೇಡಪ್ಪಾ,” ಎಂದರು ಹರಿದಾಸರು. “ಹುಡುಗಿ ಒಪ್ಪಲಿಲ್ಲ. ಅವಳ ಅಮ್ಮನೂ ಒಪ್ಪಲಿಲ್ಲ. ಕಾರಣ ಕೇಳಿದ್ರೆ ಇಬ್ರೂ ನನ್ನನ್ನೇ ನೋಡ್ತಾರೆ.”

“ಸಾರ್, ನಿಜ ಹೇಳ್ಬೇಕು ಅಂದ್ರೆ—”

“ಇರು, ನಾನು ಹೇಳ್ತೀನಿ. ಅವರು ಒಪ್ಪದಿದ್ರೆ ಏನಾಯ್ತು? ನಾನು ಒಪ್ಪಿಬಿಟ್ಟಿದ್ದೀನಿ! ಇಪ್ಪತ್ತು ವರ್ಷದಿಂದ ಒಬ್ಬ ಜೊತೆಗಾರ ಸಿಗಲಿಲ್ಲ ನಂಗೆ. ಉಳಿ, ಗರಗಸ, ಅರ್ಧ ಆದ ಬೀರು ಎಲ್ಲಾ ಒಂದು ಮಿನಿ ಲಾರೀಲಿ ಹಾಕಿಸ್ತಿದ್ದೀನಿ. ಇನ್ಮೇಲೆ ಪ್ರತಿ ಭಾನುವಾರ ನಿಮ್ಮನೇಲೇ ಕೆಲಸ.”

“ಸಾರ್, ನಂಗೆ ನಿಜವಾಗ್ಲೂ ಏನೂ ಬರಲ್ಲ!”

“ಗೊತ್ತು, ಗೊತ್ತು. ಈ ವಿನಯಾನೇ ನಂಗೆ ಹಿಡಿಸಿದ್ದು. ನಾಳೆ ಬೆಳಗ್ಗೆ ಆರಕ್ಕೆಲ್ಲ ಸಾಮಾನು ಇಳಿಸೋಕೆ ಬಂದ್ಬಿಡ್ತೀನಿ, ಬಾಗಿಲು ತೆಗೆದಿಟ್ಟಿರು.”