ಕೋಳಿರಾಯನ ಅರ್ಧ ಗಂಟೆ

ಎಲ್ಲ ಶುರುವಾದದ್ದು ಅರ್ಧ ಗಂಟೆ ನಿದ್ದೆಯ ಆಸೆಯಿಂದ. ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅವನಿಗೆ ಅಲ್ಲಿನವರು ಇಟ್ಟ ಹೆಸರು ಕೋಳಿರಾಯ. ಬೆಲ್ಟಿನ ಮೇಲೆ ಸಾಗುವ ಬಾಟಲಿಗಳ ಫೋಟೊ ನೋಡಿ, ಬಿರುಕು ಬಿಟ್ಟವನ್ನು ಪಕ್ಕಕ್ಕೆ ತಳ್ಳಿಸುವ ಎಐ ಮಾಡೆಲ್ ಎಂಬ ಪ್ರೋಗ್ರಾಮ್ ಒಂದಿತ್ತು. ಅದು ಮಹಾ ಬುದ್ಧಿವಂತ, ಅಷ್ಟೇ ಸೋಮಾರಿ. ದಿನಾ ಬೆಳಿಗ್ಗೆ ತನ್ನನ್ನು ತಾನು ಮೊದಲಿಂದ ಕಂಪೈಲ್ ಮಾಡಿಕೊಂಡು, ಅಂದರೆ ಓಡುವ ಯಂತ್ರಕ್ಕೂ ಫೋಟೊ ಅಳತೆಗೂ ತಕ್ಕಂತೆ ಹೊಂದಿಸಿಕೊಂಡು, ಸಿದ್ಧವಾಗಲು ಅದಕ್ಕೆ ಅರ್ಧ ಗಂಟೆ ಬೇಕು. ಏಳಕ್ಕೆ ಬೆಲ್ಟ್ ಓಡಬೇಕಾದರೆ ಆರೂವರೆಗೆ ಯಾರಾದರೂ ಅದನ್ನು ಎಬ್ಬಿಸಬೇಕು. ಆ ಯಾರಾದರೂ ಅಂದರೆ ಇವನೇ; ಅದಕ್ಕೇ ಆ ಹೆಸರು.

"ಸಾರ್, ಒಂದು ಸಲ ಕಂಪೈಲ್ ಮಾಡಿ ಫೈಲಲ್ಲಿ ಇಟ್ಕೊಂಡ್ರೆ ಆನ್ ಮಾಡಿದ ತಕ್ಷಣ ಓಡುತ್ತೆ. ಆಗ ನಾನು ಏಳಕ್ಕೇ ಬರಬಹುದಲ್ವಾ?" ಎಂದು ಮ್ಯಾನೇಜರನ್ನು ಕೇಳಿದ.

"ಇವತ್ತೇ ಓಡಿಸಿ ತೋರ್ಸಪ್ಪ. ಬೇಡ ಅಂದೋರ್ಯಾರು?"

ಕೋಳಿರಾಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆಯೆಲ್ಲ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿದ. ಊಟದ ಬಿಡುವಿಗೆ ಬೆಲ್ಟ್ ನಿಂತಾಗ ಆ ಫೈಲನ್ನು ಬೆಲ್ಟಿನ ಪಕ್ಕದ ಕಂಪ್ಯೂಟರಿಗೆ ಹಾಕಿದರೆ ಅದು ಮೂತಿ ತಿರುಗಿಸಿತು. ಮೇಜಿನ ಕಂಪ್ಯೂಟರಿನ ಜಿಪಿಯು, ಅಂದರೆ ಲೆಕ್ಕ ಹಾಕುವ ಚಿಪ್, ಒಂದು ಜಾತಿ, ಬೆಲ್ಟಿನದು ಇನ್ನೊಂದು. ಇದರ ಅಳತೆಗೆ ಹೊಲಿದ ಅಂಗಿ ಅದರ ತೋಳಿಗೇ ಏರಲಿಲ್ಲ.

"ಹಂಗಾದ್ರೆ ಅದರ ಮುಂದೇನೇ ಕೂತು ಹೊಲಿ," ಎಂದಳು ಪ್ಯಾಕಿಂಗ್ ಅಕ್ಕ, ಊಟದ ಡಬ್ಬಿ ಮುಚ್ಚುತ್ತ.

ಕೂತ. ದಿನದ ಅವಸರದ ಹೊಲಿಗೆಗಿಂತ ಇದು ಬಿಗಿ, ಆಮೇಲೆ ಓಟವೂ ಜೋರು; ಅದಕ್ಕೇ ನಲವತ್ತು ನಿಮಿಷದ ಕೆಲಸ. ಸ್ವಲ್ಪ ಹೊತ್ತಿಗೇ ಜಿಪಿಯು ಫ್ಯಾನು ಕಿರುಚತೊಡಗಿತು.

"ಅಯ್ಯೋ, ಜ್ವರ ಬಂದಿದೆ ಕಣೋ ಇದಕ್ಕೆ!" ಅಕ್ಕ ರಟ್ಟಿನ ತುಂಡಿನಿಂದ ಗಾಳಿ ಬೀಸಿದಳು.

"ಜ್ವರ ಅಲ್ಲಕ್ಕ, ದುಡೀತಾ ಇದೆ."

ಮೂವತ್ತೆಂಟನೇ ನಿಮಿಷಕ್ಕೆ ಕೋಳಿರಾಯ ಮುಖ ತೊಳೆಯಲು ಹೋದ. ಬಂದು ನೋಡಿದರೆ ಸದ್ದಡಗಿದೆ. ಎಲೆಕ್ಟ್ರಿಷಿಯನ್ ಪ್ಲಗ್ ಕೈಯಲ್ಲಿ ಹಿಡಿದು ಬೀಗುತ್ತ ನಿಂತಿದ್ದಾನೆ.

"ನಾನಿಲ್ದಿದ್ರೆ ಸುಟ್ಟು ಬೂದಿ ಆಗ್ತಿತ್ತು ಗುರೂ. ಥ್ಯಾಂಕ್ಸ್ ಎಲ್ಲ ಬೇಡ."

ಕೋಳಿರಾಯನ ಬಾಯಿಂದ ಬಂದದ್ದು ಥ್ಯಾಂಕ್ಸ್ ಅಲ್ಲ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮತ್ತೆ ಮೊದಲಿಂದ. ಬಿಡುವು ಮುಗಿದರೂ ಬೆಲ್ಟ್ ಅಲ್ಲಾಡಲಿಲ್ಲ. ಎಂಬತ್ತು ಜನ ಸುತ್ತ ನೆರೆದು ಸಲಹೆ ಕೊಡತೊಡಗಿದರು. ಒಬ್ಬ ತಟ್ಟಿ ನೋಡು ಅಂದ, ಇನ್ನೊಬ್ಬ ತಟ್ಟಿಯೇಬಿಟ್ಟ. ಮ್ಯಾನೇಜರ್ ಹಲ್ಲು ಕಡಿದರು. "ಇದಾಗ್ಲಿಲ್ಲ ಅಂದ್ರೆ ನಾಳೆಯಿಂದ ನೀನೇ ನಿಂತು ಒಂದೊಂದೇ ಬಾಟಲಿ ನೋಡ್ತೀಯ, ತಿಳೀತಾ?" ಕೋಳಿರಾಯ ಪ್ಲಗ್ಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನೆಲದ ಮೇಲೇ ಕೂತುಬಿಟ್ಟ.

ಕೊನೆಗೂ ಮುಗಿಯಿತು. ಆಫ್ ಮಾಡಿ ಆನ್ ಮಾಡಿದ. ಒಂದು, ಎರಡು, ಮೂರು ಸೆಕೆಂಡ್. ಬೆಲ್ಟ್ ಹೊರಟೇ ಬಿಟ್ಟಿತು! ಬಿರುಕಿನ ಬಾಟಲಿಗಳು ಟಕ್ ಟಕ್ ಅಂತ ಮೊದಲಿನ ಎರಡರಷ್ಟು ವೇಗದಲ್ಲಿ ಪಕ್ಕಕ್ಕೆ ಉರುಳಿದವು. ಅಕ್ಕ ಶಿಳ್ಳೆ ಹೊಡೆದಳು. ಮ್ಯಾನೇಜರ್ ಅವನನ್ನು ತಬ್ಬಿಕೊಂಡು, ಮಾಲೀಕರಿಗೆ ಸುದ್ದಿ ಮುಟ್ಟಿಸಲು ಓಡಿದರು.

ಹತ್ತೇ ನಿಮಿಷದಲ್ಲಿ ಮುಖ ಅರಳಿಸಿಕೊಂಡು ವಾಪಸ್ ಬಂದರು. "ಮಾಲೀಕರು ಕುಣಿದುಬಿಟ್ರು ಕಣಯ್ಯ! ಮೂರು ಸೆಕೆಂಡಲ್ಲಿ ಶುರುವಾಗೋದಾದ್ರೆ ಇನ್ಮೇಲೆ ದಿನಕ್ಕೊಂದು ಹೊಸ ಆಕಾರದ ಬಾಟಲಿ ಅಂತೆ. ನಾಳೆ ಉದ್ದ ಕತ್ತು, ನಾಡಿದ್ದು ಡೊಳ್ಳು ಹೊಟ್ಟೆ!"

ಕೋಳಿರಾಯ ಅವರ ತೋಳು ಹಿಡಿದ. "ಸಾರ್, ಬಾಟಲಿ ಬದಲಾದ್ರೆ ಫೋಟೊ ಅಳತೆ ಬದಲಾಗುತ್ತೆ. ಈ ಫೈಲ್ ನಡೆಯಲ್ಲ, ಮತ್ತೆ ಕಂಪೈಲ್ ಮಾಡ್ಬೇಕು."

"ಮಾಡು."

"ಹಿಂದಿನ ದಿನ ಸಂಜೇನೇ ಮಾಡಿಟ್ಕೊಳ್ಲಾ?"

"ಹೊಸ ಅಳತೆ ಬರೋದೇ ಬೆಳಿಗ್ಗೆ ಆರಕ್ಕೆ."

"ಹಳೇ ಪದ್ಧತೀನೇ ಇರ್ಲಿ ಸಾರ್! ಆರೂವರೆಗೇ ಬರ್ತೀನಿ, ಕೈ ಮುಗೀತೀನಿ!"

"ಈ ವೇಗ ಕಂಡ ಮೇಲೆ ಹಿಂದಕ್ಕೆ ಹೋಗೋಕಾಗುತ್ತಾ?" ಮ್ಯಾನೇಜರ್ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಆರೂವರೆಗೆ ಬಂದು ಹೇಗೂ ಅಭ್ಯಾಸ ಇದೆ. ಇನ್ನೊಂದರ್ಧ ಗಂಟೆ ಮುಂಚೆ ಬಂದ್ಬಿಡು."